ಮಗಳು ಕೇಳಿದ ‘ಅನ್ನ’

ಫಿನ್‌ಲ್ಯಾಂಡಿನಿಂದ ರಜೆಗೆ ಧಾರವಾಡಕ್ಕೆ ಬಂದ ಮೊದಲ ರಾತ್ರಿ. ನಾಲ್ಕು ವರ್ಷದ ಮಗಳಿಗೆ ಪ್ರಯಾಣದ ದಣಿವು, ನಿದ್ದೆ. ಊಟಕ್ಕೆ ಕೂತವಳು ಪೇಡೆ ಡಬ್ಬಿಯ ಕಡೆ ಕೈ ಚಾಚಿ ‘ಅನ್ನ! ಅನ್ನ!’ ಅಂದಳು. ಅವ್ವನಿಗೆ ಖುಷಿಯೋ ಖುಷಿ. ಮೊಮ್ಮಗಳು ಬಾಯಿಬಿಟ್ಟು ಅನ್ನ ಕೇಳಿದಳಲ್ಲ! ಬಿಸಿ ಅನ್ನ ಬಡಿಸಿ, ಮೇಲೆ ತುಪ್ಪ ಸುರಿದಳು. ಮಗಳು ತಾಟು ದೂಡಿ ಅಳೋಕೆ ಶುರು ಮಾಡಿದಳು.

‘ನೀನ ಕೇಳಿದ್ಯಲ್ಲ ತಂಗಿ, ಈಗ್ಯಾಕ ಒಲ್ಲೆ ಅಂತಿ?’

ಫಿನ್ನಿಶ್‌ನಲ್ಲಿ ‘ಅನ್ನ’ ಅಂದರೆ ‘ಕೊಡು’. ನಮ್ಮ ಅನ್ನದ್ದೇ ಉಚ್ಚಾರ, ಅದೇ ಒತ್ತು. ಡೇಕೇರ್‌ನಲ್ಲಿ ಮಕ್ಕಳು ದಿನವಿಡೀ ‘ಅನ್ನ ಪಲ್ಲೊ’ ಅನ್ನುತ್ತಿರುತ್ತವೆ, ಚೆಂಡು ಕೊಡು ಅಂತ. ಆ ಕ್ರಿಯಾಪದದ ಮೂಲ ರೂಪ ಇನ್ನೂ ಸೊಗಸು: ‘ಅಂತಾ’. ನಾವು ಮಾತಿಗೊಮ್ಮೆ ಹೇಳುವ ‘ಅಂತ’ದ ಹಾಗೇ ಅಲ್ವಾ? ಅಲ್ಲಿ ‘ಅನ್ನಾ’ ಎಂಬ ಹೆಸರಿನ ಹುಡುಗಿಯರೂ ಇದ್ದಾರೆ. ಆ ಹೆಸರು ಹೀಬ್ರೂ ಭಾಷೆಯ ‘ಹನ್ನಾ’ದಿಂದ ಬಂದದ್ದು, ಅರ್ಥ ಕೃಪೆ.

ಇದನ್ನೆಲ್ಲ ಕೇಳಿ ಅವ್ವ, ‘ಹಂಗಾರ ಅವರ ಭಾಷಾ ನಮ್ಮ ಭಾಷಾ ಬೀಗರೇನು?’ ಅಂದಳು.

ಒಳ್ಳೆಯ ಪ್ರಶ್ನೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ಕೂಡ ಫಿನ್ನಿಶ್ ಬಳಗದ ಜೊತೆ ನಮಗೆ ನಂಟಿದೆ ಅಂದಿದ್ದರು. ಇವತ್ತಿನ ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಅನ್ನದ ನಿಜವಾದ ನೆಂಟರು ಬೇರೆ ಕಡೆ ಇದ್ದಾರೆ. ಸಂಸ್ಕೃತದಲ್ಲಿ ‘ಅದ್’ ಅಂದರೆ ತಿನ್ನು, ಅದರಿಂದ ಹುಟ್ಟಿದ್ದು ಅನ್ನ. ಇಂಗ್ಲಿಷಿನ ‘ಈಟ್’ ಕೂಡ ಅದೇ ಬೇರಿನದು. ಅನ್ನ, ಈಟ್. ಕಿವಿಗೆ ಒಂಚೂರೂ ಹೋಲಿಕೆ ಇಲ್ಲ, ಆದರೂ ಒಂದೇ ಮನೆತನ! ತಿಳಿದ ದಿನದಿಂದ ಇದು ನನ್ನ ತಲೆಯಿಂದ ಹೋಗಿಲ್ಲ. ನಮ್ಮ ‘ಅಣ್ಣ’ನ ಕತೆ ಬೇರೆ, ಅವನು ಅಪ್ಪಟ ದ್ರಾವಿಡ. ತೆಲುಗಿನವರು ಅವನನ್ನು ‘ಅನ್ನ’ ಅಂತಲೇ ಕರೆಯುತ್ತಾರೆ.

ಹೆಲ್ಸಿಂಕಿಯಲ್ಲಿ ಹಡಗು ಹತ್ತಿದರೆ ಸುಮಾರು ಎರಡು ತಾಸಿಗೆ ಎಸ್ಟೋನಿಯಾದ ತಾಲಿನ್. ಅಲ್ಲಿಯ ಭಾಷೆ ಫಿನ್ನಿಶ್‌ಗೆ ತಂಗಿ ಇದ್ದ ಹಾಗೆ. ನಮ್ಮ ‘ಕೊಡು’ವಿಗೆ ತೀರಾ ಹತ್ತಿರದ ಪದವೊಂದು ಅದರಲ್ಲಿದೆ, ‘kodu’. ಅರ್ಥ ‘ಮನೆ’. ಬೋರ್ಡೊಂದರ ಮೇಲೆ ಅದನ್ನು ಮೊದಲ ಸಲ ಓದಿದಾಗ ಸುಮ್ನೆ ನಿಂತುಬಿಟ್ಟಿದ್ದೆ. ಧಾರವಾಡ ಬಿಟ್ಟು ಆಗ ಎರಡು ವರ್ಷವಾಗಿತ್ತು.

ಮರುದಿನ ಬೆಳಿಗ್ಗೆ ಅವ್ವ ಪೇಡೆ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಮಗಳು ‘ಅನ್ನ’ ಅಂದ ಕೂಡಲೇ ಅಂಗೈಗೆ ಒಂದು ಪೇಡೆ ಇಟ್ಟಳು. ಅದು ಬಾಯಿಗೆ ಹೋಗುವ ಮೊದಲೇ ತಾನೂ ಕೈ ಚಾಚಿ, ‘ನನಗೂ ಅನ್ನ’ ಅಂದಳು. ಮಗಳು ಅರ್ಧ ಮುರಿದು ಕೊಟ್ಟಳು.