ಬಾಯಾರಿನಲ್ಲಿ ಮೂರು ಪೀಪಾಯಿ

"ಇದರಲ್ಲಿ ಕೊಬ್ಬರಿ ಮಿಲ್ಲಿನ ವಾಸನೆ ಉಂಟು ಮಾರಾಯ್ರೆ!" ಎಂದರು ಮಾವ.

ಗ್ಲಾಸಿನಲ್ಲಿದ್ದದ್ದು 25 ವರ್ಷ ಪೀಪಾಯಿಯಲ್ಲಿ ಕೂತಿದ್ದ ಸ್ಕಾಚ್ ವಿಸ್ಕಿ. ನಾನು ಆಗಷ್ಟೇ ವೆನಿಲ್ಲಾ, ಜೇನು ಅಂತೆಲ್ಲಾ ದೊಡ್ಡದಾಗಿ ವಿವರಿಸಿದ್ದೆ. ಮತ್ತೊಮ್ಮೆ ಮೂಸಿ ನೋಡಿದೆ. ಹೌದು, ಒಣ ಕೊಬ್ಬರಿ. ಮೂಗಿನ ಕೆಳಗೇ ಇತ್ತು, ನನಗೆ ಗೊತ್ತಾಗಿರಲಿಲ್ಲ.

ಫೆಬ್ರವರಿಯಲ್ಲಿ ಮೂರು ದಿನ ಕಾಸರಗೋಡು ಕಡೆ ಹೋಗಿದ್ದೆ. ಹೆಂಡತಿಯ ಸೋದರಮಾವನ ಮನೆ ಇರುವುದು ಬಾಯಾರಿನಲ್ಲಿ. ಉಪ್ಪಳದಿಂದ ಒಳಗೆ, ಗುಡ್ಡದ ಕಡೆಗೆ. ಮಾವ 27 ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದು, ಈಗ ಅಡಿಕೆ ತೋಟ ನೋಡಿಕೊಂಡಿದ್ದಾರೆ. 1998ರಲ್ಲಿ ಸಿಂಗಾಪುರದಲ್ಲಿ ಕೊಂಡ ಮೂರು ಬಾಟ್ಲಿ ವಿಸ್ಕಿ ಮನೆಯಲ್ಲಿ ಹಾಗೇ ಇದ್ದವು. ಮಕ್ಕಳಿಬ್ಬರೂ ಗಲ್ಫಿನಲ್ಲಿ, ಇಬ್ಬರೂ ಕುಡಿಯುವುದಿಲ್ಲ. "ನಿಮಗೆ ಇದರದ್ದೆಲ್ಲ ಸ್ವಲ್ಪ ಗೊತ್ತುಂಟಲ್ಲ, ಬನ್ನಿ" ಎಂದು ಫೋನ್ ಮಾಡಿದ್ದರು.

ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ಮಂಗಳೂರಿನಲ್ಲಿ ಒಂದು ಬೆಂಗಳೂರಿನ ಸಿಂಗಲ್ ಮಾಲ್ಟ್ ತಗೊಂಡೆ, ಅಂದರೆ ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ. ಹಳೆಯ ಸ್ಕಾಚ್ ಪಕ್ಕ ನಮ್ಮೂರಿನ ಅಮೃತ್ ಇಟ್ಟು ನೋಡಬೇಕೆಂಬ ಆಸೆ. ಕೇರಳದ ಗಡಿ ದಾಟಿಸಬಹುದಾ ಎಂದು ಅಂಗಡಿಯವನನ್ನು ಕೇಳಿಯೇ ಕೇಳಿದೆ. "ಬಿಲ್ ಇದ್ರೆ ಸಾಕು ಸರ್" ಅಂದ. ತಲಪಾಡಿ ಹತ್ತಿರ ಬಂದಾಗ ಪಕ್ಕದ ಸೀಟಿನವರು ನನ್ನ ಚೀಲ ನೋಡಿ ಬೆಚ್ಚಿಬಿದ್ದರು. ಕರ್ನಾಟಕದಲ್ಲಿ ಕೊಂಡ ಮದ್ಯ ಕೇರಳಕ್ಕೆ ಒಯ್ಯುವ ಹಾಗಿಲ್ಲ, ಅಬಕಾರಿಯವರು ಹಿಡಿದರೆ ಬಿಲ್ಲು ತೋರಿಸಿ ಏನೂ ಪ್ರಯೋಜನವಿಲ್ಲ. ಇಳಿದೆ. ವಾಪಸ್ ಮಂಗಳೂರು. ಗೆಳೆಯನ ಮನೆಯಲ್ಲಿ ಬಾಟ್ಲಿ ಇಟ್ಟು ಮತ್ತೆ ಬಸ್ಸು ಹತ್ತುವಾಗ ಮಧ್ಯಾಹ್ನ ಕಳೆದಿತ್ತು. ಆ ದಿನ ನೋಡಬೇಕೆಂದಿದ್ದ ಅನಂತಪುರದ ಕೆರೆ ದೇವಸ್ಥಾನ ತಪ್ಪಿಹೋಯಿತು. ಆ ಕಡೆ ಹೋಗುವವರು ದಯವಿಟ್ಟು ಅಂಗಡಿಯವರ ಮಾತು ನಂಬಬೇಡಿ. ನನಗಿನ್ನೂ ಹೊಟ್ಟೆ ಉರಿಯುತ್ತಿದೆ.

ಮರುದಿನ ಬೇಕಲ ಕೋಟೆ ನೋಡಿದೆ. ಕೋಟೆ ಚೆನ್ನಾಗಿದೆ, ಸೆಲ್ಫಿ ಕೋಲುಗಳು ಜಾಸ್ತಿ. ಅಷ್ಟು ಸಾಕು.

ಸಂಜೆ ಅಂಗಳದ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಅಂಗಳ ತುಂಬಾ ಅಡಿಕೆ ಒಣಗುತ್ತಿತ್ತು. ಅತ್ತೆ ಕೆಂಡದಲ್ಲಿ ಸುಟ್ಟ ಗೇರುಬೀಜ ತಂದಿಟ್ಟು, "ಜಾಸ್ತಿ ಬೇಡ ಆಯ್ತಾ" ಎಂದು ಒಳಗೆ ಹೋದರು. ಅದು ಮಾವನಿಗೋ ನನಗೋ ಗೊತ್ತಾಗಲಿಲ್ಲ.

ಮೊದಲನೆಯದೇ ಆ ಕೊಬ್ಬರಿ ವಿಸ್ಕಿ. ಅದು ಬರ್ಬನ್ ಎಂಬ ಅಮೆರಿಕದ ವಿಸ್ಕಿ ಇಟ್ಟಿದ್ದ ಪೀಪಾಯಿಯಲ್ಲಿ ಬೆಳೆದದ್ದು. ಬರ್ಬನ್ ಮಾಡುವವರು ಪ್ರತಿ ಸಲವೂ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯನ್ನೇ ಬಳಸಬೇಕು, ಅಲ್ಲಿನ ಕಾನೂನೇ ಹಾಗೆ. ಒಂದು ಸಲ ಬಳಸಿದ ಸುಮಾರು 200 ಲೀಟರಿನ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ. ಓಕ್ ಮರದಲ್ಲಿ, ಅದರಲ್ಲೂ ಅಮೆರಿಕದ ಓಕ್‌ನಲ್ಲಿ, ಲ್ಯಾಕ್ಟೋನ್ ಎಂಬ ಪರಿಮಳದ ವಸ್ತು ಇರುತ್ತದೆ. ಅದಕ್ಕೆ ವಿಸ್ಕಿ ಲ್ಯಾಕ್ಟೋನ್ ಅಂತಲೇ ಹೆಸರು. ತೆಂಗಿನಕಾಯಿಗೆ ಘಮ ಕೊಡುವುದೂ ಇದೇ ಬಳಗದ ವಸ್ತುಗಳು. ಇದನ್ನು ಹೇಳಿದಾಗ ಮಾವ ಜೋರಾಗಿ ನಕ್ಕರು. "ಹಾಗಾದ್ರೆ ಅಮೆರಿಕದ ಮರದಿಂದ ಸ್ಕಾಟ್ಲೆಂಡಿನವ ತೆಂಗಿನಕಾಯಿ ತೆಗೆದ. ನಾನು ಅದನ್ನು ದುಡ್ಡು ಕೊಟ್ಟು ಬಾಯಾರಿಗೆ ತಂದೆ. ಮನೆ ಹಿಂದೆ ನಲವತ್ತು ತೆಂಗಿನಮರ ಉಂಟು!"

ಎರಡನೆಯದು 30 ವರ್ಷದ್ದು, ಶೆರ್ರಿ ಪೀಪಾಯಿಯದ್ದು. ಮೂರರಲ್ಲಿ ಅತಿ ದುಬಾರಿ. ಹಿಂದೆ ಸ್ಪೇನಿನ ಶೆರ್ರಿ ಮದ್ಯ ಪೀಪಾಯಿಯಲ್ಲೇ ಬ್ರಿಟನ್ನಿಗೆ ಬರುತ್ತಿತ್ತು. ಖಾಲಿಯಾದದ್ದನ್ನು ವಿಸ್ಕಿಯವರು ತಗೊಳ್ಳುತ್ತಿದ್ದರು. 1980ರ ದಶಕದಲ್ಲಿ ಶೆರ್ರಿಯನ್ನು ಸ್ಪೇನಿನಲ್ಲೇ ಬಾಟ್ಲಿಗೆ ತುಂಬಬೇಕೆಂದಾಯಿತು. ಈಗ ವಿಸ್ಕಿಗೆಂದೇ ಪೀಪಾಯಿ ಮಾಡಿಸಿ, ಅದರಲ್ಲಿ ಸ್ವಲ್ಪ ಕಾಲ ಶೆರ್ರಿ ತುಂಬಿಟ್ಟು ಕೊಡುತ್ತಾರೆ. ಮಾವನ ಬಾಟ್ಲಿ ಹಳೇ ಕಾಲದ್ದು. ನನಗೆ ಕೈ ನಡುಗುತ್ತಿತ್ತು.

ಆದರೆ ಅದನ್ನು ಭತ್ತ ತುಂಬುವ ಪತ್ತಾಯದೊಳಗೆ ಮಲಗಿಸಿ ಇಟ್ಟಿದ್ದರು. ವೈನ್ ಹಾಗೆ ಅಡ್ಡ ಇಡಬೇಕೆಂದು ಹಡಗಿನಲ್ಲಿ ಯಾರೋ ಹೇಳಿದ್ದರಂತೆ. ವಿಸ್ಕಿಯನ್ನು ಯಾವತ್ತೂ ನಿಲ್ಲಿಸಿಯೇ ಇಡಬೇಕು. ಅದರ ಖಾರಕ್ಕೆ ಬಿರಡೆ ಹಾಳಾಗುತ್ತದೆ. ನಾನು ತಿರುಗಿಸಿದ್ದೇ ತಡ, ಅರ್ಧ ಬಿರಡೆ ಕೈಗೆ ಬಂತು, ಅರ್ಧ ಪುಡಿಯಾಗಿ ಒಳಗೆ ಬಿತ್ತು. ಅತ್ತೆಯ ಹತ್ತಿರ ಬಿಳಿ ಬಟ್ಟೆ ಕೇಳಿ ಸೋಸಿದೆವು, ಕಷಾಯ ಸೋಸಿದ ಹಾಗೆ.

ರುಚಿಯೂ ಕಷಾಯದ್ದೇ. ಬಣ್ಣ ಬೆಲ್ಲದ ಪಾಕದಂತೆ ಕಪ್ಪು, ಮೂಗಿಗೆ ಖರ್ಜೂರ, ಒಣದ್ರಾಕ್ಷಿ. ಬಾಯಿಗೆ ಬಂದಾಗ ಒಗರು, ಬರೀ ಒಗರು. ಮರ ಎಲ್ಲವನ್ನೂ ನುಂಗಿಬಿಟ್ಟಿತ್ತು. ಹಳೆಯದೆಂಬ ಭಕ್ತಿಯಿಂದ ನಾನು ಸುಮ್ಮನಿದ್ದೆ. ಮಾವ ಸುಮ್ಮನಿರಲಿಲ್ಲ.

"ನಮ್ಮ ಅಡಿಕೆಯಲ್ಲಿ ಹೊಸತು, ಸಿಂಗಲ್ ಚೋಲು, ಡಬಲ್ ಚೋಲು ಅಂತ ಉಂಟು. ಒಂದು ವರ್ಷ ಇಟ್ರೆ ಸಿಂಗಲ್, ಎರಡು ವರ್ಷಕ್ಕೆ ಡಬಲ್. ರೇಟೂ ಜಾಸ್ತಿ. ಹಾಗಂತ ಹತ್ತು ವರ್ಷ ಇಡ್ತಾರಾ? ಹುಳಕ್ಕೆ ಊಟ."

"ವಿಸ್ಕಿಗೆ ಹುಳ ಹಿಡಿಯಲ್ಲ ಮಾವ."

"ಇದಕ್ಕೆ ಮರವೇ ಹುಳ. ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಟ್ಲಿಗೆ ಬಂದ ಮೇಲೆ ವಿಸ್ಕಿಗೆ ವಯಸ್ಸಾಗುವುದಿಲ್ಲ, ಪತ್ತಾಯದಲ್ಲಿ ಕಳೆದ ವರ್ಷಗಳು ಲೆಕ್ಕಕ್ಕಿಲ್ಲ ಎಂದೆ. ಅವರಿಗೆ ಅದು ಸಿಟ್ಟು ತರಿಸಿತು. "ಅಂದ್ರೆ ನಾನು ಇಷ್ಟು ವರ್ಷ ಸುಮ್ನೆ ಕಾದದ್ದಾ?" ಆಮೇಲೆ ಮಾತು ಆವಿಯ ಕಡೆಗೆ ತಿರುಗಿತು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆರಿಹೋಗುತ್ತದೆ. ದೇವತೆಗಳ ಪಾಲು ಎನ್ನುತ್ತಾರೆ. 30 ವರ್ಷಕ್ಕೆ ಅರ್ಧದ ಹತ್ತಿರ ಖಾಲಿ. ಬೆಂಗಳೂರಿನ ಬಿಸಿಲಿಗೆ ವರ್ಷಕ್ಕೆ 10–12% ಹೋಗುತ್ತದೆ. ಅದಕ್ಕೇ ಅಮೃತ್‌ನವರು 2013ರಲ್ಲಿ 8 ವರ್ಷದ ವಿಸ್ಕಿ ತಂದಾಗ ದುರಾಸೆಯ ದೇವತೆಗಳು ಎಂಬರ್ಥದ ಹೆಸರಿಟ್ಟರು. ನಮ್ಮಲ್ಲಿ ಎಂಟು ವರ್ಷವೇ ಮುಪ್ಪು.

"ನಮ್ಮ ಕಳ್ಳಿಗೆ ಒಂದೇ ದಿನ ಆಯುಸ್ಸು" ಎಂದರು ಮಾವ. "ಬೆಳಗ್ಗೆ ಸಿಹಿ, ಸಂಜೆಗೆ ಹುಳಿ. ದೇವತೆಗಳಿಗೆ ಸಮಯವೇ ಇಲ್ಲ."

ಮೂರನೆಯದು 27 ವರ್ಷದ್ದು. ಬಣ್ಣ ನೋಡಿ ನನಗೇ ಬೇಜಾರಾಯಿತು, ಒಣಹುಲ್ಲು ನೆನೆಸಿದ ನೀರಿನ ಹಾಗೆ. ಅದು ಹಾಗ್ಸ್‌ಹೆಡ್ ಎಂಬ 250 ಲೀಟರಿನ ಪೀಪಾಯಿಯದ್ದು. ಮೊದಲೇ ಸ್ಕಾಚ್ ತುಂಬಿ ತೆಗೆದದ್ದು. ಕೊಡುವ ಸಾರವನ್ನೆಲ್ಲ ಕೊಟ್ಟು ಸುಸ್ತಾದ ಮರ. ಮಾವ ಎದ್ದು ಹೋಗಿ ಒಂದು ಲೋಟ ಸುರಂಗದ ನೀರು ತಂದರು.

ಸುರಂಗದ ವಿಷಯ ಹೇಳಲೇಬೇಕು. ಬಾಯಾರಿನ ಸುತ್ತ ಮುರಕಲ್ಲಿನ ಗುಡ್ಡದೊಳಗೆ ಅಡ್ಡಡ್ಡ ಕೊರೆದ ಸುರಂಗಗಳಿವೆ. ಒಬ್ಬ ಬಗ್ಗಿ ಹೋಗುವಷ್ಟೇ ಅಗಲ. ಕಲ್ಲಿನಿಂದ ಜಿನುಗಿದ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಮಾವನ ಅಜ್ಜ ತೋಡಿಸಿದ್ದು ಈಗಲೂ ತೋಟಕ್ಕೆ ನೀರು ಕೊಡುತ್ತಿದೆ. ಬೆಳಗ್ಗೆ ಅದರೊಳಗೆ ನಾಲ್ಕು ಹೆಜ್ಜೆ ಇಟ್ಟಿದ್ದೆ. ತಣ್ಣಗೆ, ಕತ್ತಲು, ಎಲ್ಲೋ ತೊಟ್ಟಿಕ್ಕುವ ಸದ್ದು. ಬೇಕಲಕ್ಕಿಂತ ಇದು ನನಗೆ ನೂರು ಪಾಲು ಮೇಲು.

ಆ ನೀರನ್ನು ಮೂರೇ ಹನಿ ಹಾಕಿದೆವು. ನೀರು ಬಿದ್ದರೆ ಅಡಗಿದ ಪರಿಮಳ ಮೇಲೆ ಬರುತ್ತದೆ. ಬಂತು. ಮೊದಲು ಮಾಗಿದ ಪೇರಳೆ, ಆಮೇಲೆ ಜೇನುಮೇಣ, ಕೊನೆಗೆ ಮಳೆ ಬಿದ್ದ ಮೇಲಿನ ಹುಲ್ಲು. ಮರದ ಸುಳಿವೇ ಇಲ್ಲ. ಬಾರ್ಲಿ ತಾನೇ 27 ವರ್ಷ ಮೆಲ್ಲಗೆ ಮಾಗಿದ ಹಾಗಿತ್ತು. ನಾವಿಬ್ಬರೂ ತುಂಬಾ ಹೊತ್ತು ಮಾತಾಡಲಿಲ್ಲ. ಅತ್ತೆ ಹೊರಗೆ ಬಂದು, "ಎಂತ, ಗಪ್‌ಚಿಪ್?" ಎಂದು ಕೇಳಿ, ಗ್ಲಾಸು ಮೂಸಿ, "ಇದೊಂದು ಪರವಾಗಿಲ್ಲ" ಎಂದರು.

ಮೂರರಲ್ಲಿ ಇದೇ ಅಗ್ಗ ಅಂತ ಮಾವ ಕೊಂಡಿದ್ದಂತೆ. ಬಣ್ಣ ಇಲ್ಲ ಅಂತ ಅಂಗಡಿಯಲ್ಲಿ ಯಾರೂ ತಗೊಳ್ಳುತ್ತಿರಲಿಲ್ಲವಂತೆ. ಶೆರ್ರಿಯದಕ್ಕೆ ಸಂಬಳದ ಎಷ್ಟು ಪಾಲು ಹೋಯಿತೆಂದು ಅತ್ತೆಗೆ ಮಾತ್ರ ಇನ್ನೂ ಹೇಳಿಲ್ಲ.

ಮೂರನೇ ದಿನ ಊಟ ಮುಗಿಸಿ ಹೊರಟೆ. ಮಂಗಳೂರಿನಲ್ಲಿ ನನ್ನ ಅಮೃತ್ ತಗೊಳ್ಳಲು ಗೆಳೆಯನ ಮನೆಗೆ ಹೋದೆ. ಬಾಟ್ಲಿ ಮೇಜಿನ ಮೇಲಿತ್ತು, ತಳದಲ್ಲಿ ಎರಡು ಬೆರಳಷ್ಟು ಉಳಿದಿತ್ತು. ಹಿಂದಿನ ರಾತ್ರಿ ಅವನ ಆಫೀಸಿನವರು ಬಂದಿದ್ದರಂತೆ. ಕೋಲಾ ಬೆರೆಸಿ ಕುಡಿದರಂತೆ.