ಮಯೂರನ ಕೈಯಲ್ಲಿದ್ದ ದರ್ಭೆ

ವಾಸ್ಕೋದಿಂದ ಪಣಜಿಗೆ ನಾನು ದಿನವೂ ಓಡಾಡುವುದು ಕದಂಬ ಬಸ್ಸಿನಲ್ಲಿ. ಬನವಾಸಿಯ ಹಳೆಯ ಅರಸುಮನೆತನದ ಹೆಸರನ್ನೇ ಹೊತ್ತು ಚಂದ್ರಪುರ ಮತ್ತು ಗೋಪಕಪಟ್ಟಣಗಳಿಂದ ಈ ನಾಡನ್ನಾಳಿದ ಗೋವೆಯ ಕದಂಬರು ಯಾರೆಂಬುದನ್ನು ಮಗಳಿಗೆ ವಿವರಿಸಲು ಹೊರಟವನು, ಕಳೆದ ಭಾನುವಾರ ಅವಳೊಡನೆ ಕುಳಿತು ಬನವಾಸಿ ಕದಂಬರ ಮೂಲಪುರುಷ ಮಯೂರಶರ್ಮನನ್ನು ಕುರಿತ, ರಾಜ್‌ಕುಮಾರ್ ಅವರ ‘ಮಯೂರ’ (1975) ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಮುಗಿದೊಡನೆ ಅವಳು ಕೇಳಿದಳು: “ಅಪ್ಪಾ, ಇದೆಲ್ಲ ನಿಜವಾಗಿ ನಡೆದದ್ದಾ?”

ಇಂಥ ಚಿತ್ರಗಳಲ್ಲಿ ತಪ್ಪು ಹುಡುಕುವವರು ಮೊದಲು ನೋಡುವುದು ಉಡುಗೆ, ಆಯುಧ, ಜೀನುಗಳನ್ನು. ರೋಮನ್ನರ ಕಾಲದ ಚಿತ್ರಗಳಲ್ಲಿ ಸವಾರರು ರಿಕಾಪಿನಲ್ಲಿ, ಎಂದರೆ ಜೀನಿನಿಂದ ಇಳಿಬಿದ್ದ ಕಾಲಿಡುವ ಬಳೆಯಲ್ಲಿ, ಕಾಲಿಟ್ಟಿರುತ್ತಾರೆ; ರೋಮನ್ನರಿಗೆ ಅದು ಗೊತ್ತಿರಲಿಲ್ಲವೆಂಬುದು ನಿಜ. ಆದರೆ ರಿಕಾಪಿಲ್ಲದೆ ನಟರು ಬಿದ್ದು ಕೈಕಾಲು ಮುರಿದುಕೊಳ್ಳಲಿ ಎಂದು ನಾನಂತೂ ಬಯಸುವುದಿಲ್ಲ. ಮಯೂರ ಇಂದಿನ ಕನ್ನಡ ಮಾತನಾಡುವುದೂ ನನಗೆ ತಪ್ಪಾಗಿ ಕಾಣುವುದಿಲ್ಲ. ಹಲ್ಮಿಡಿ ಶಾಸನದ ಕನ್ನಡವನ್ನು ಆಡಿಸಿದ್ದರೆ ನಾವಿಬ್ಬರೂ ಹತ್ತು ನಿಮಿಷದಲ್ಲಿ ಎದ್ದುಹೋಗುತ್ತಿದ್ದೆವು.

ನನ್ನ ತಕರಾರು ಬೇರೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿರುವ ಕಂಬದ ಶಾಸನದ ಪ್ರಕಾರ ಮಯೂರಶರ್ಮ ವೇದಾಧ್ಯಯನಕ್ಕಾಗಿ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ (ವಿದ್ಯಾಕೇಂದ್ರಕ್ಕೆ) ಹೋದ ಬ್ರಾಹ್ಮಣ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ನಡೆದ ಜಗಳದಿಂದ ಕೆರಳಿ, ದರ್ಭೆ, ಸಮಿತ್ತು, ಹವಿಸ್ಸಿನ ಪಾತ್ರೆಗಳನ್ನು ಹಿಡಿದು ಪಳಗಿದ್ದ ಅದೇ ಕೈಯಿಂದ ಕತ್ತಿಯನ್ನು ಹಿರಿದ. ಶ್ರೀಪರ್ವತದ ಕಾಡಿನಲ್ಲಿ ನೆಲೆಯೂರಿ, ಬೃಹದ್ಬಾಣರೆಂಬ ಅರಸರಿಂದ ಕಪ್ಪ ವಸೂಲಿ ಮಾಡಿ, ಕೊನೆಗೆ ಪಲ್ಲವರೇ ತನ್ನನ್ನು ಒಪ್ಪಿಕೊಳ್ಳುವಂತೆ ಮಾಡಿದ. ಚಿತ್ರದಲ್ಲಾದರೋ ಅವನು ತನಗೇ ತಿಳಿಯದ ಕದಂಬ ರಾಜಕುಮಾರ. ರಾಜ್ಯ ಅವನಿಗೆ ಹುಟ್ಟಿನಿಂದಲೇ ಸಲ್ಲಬೇಕಾದದ್ದು. ಅರಸುಮನೆತನವೊಂದನ್ನು ಹೊಸದಾಗಿ ಹುಟ್ಟುಹಾಕಿದವನು ಇಲ್ಲಿ ಕಳೆದುಹೋದ ಆಸ್ತಿಯನ್ನು ಮರಳಿ ಪಡೆಯುವ ವಾರಸುದಾರನಾಗುತ್ತಾನೆ. ರಿಕಾಪಿನ ತಪ್ಪು ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ. ಕಥೆಯ ಕಾರಣವೇ ಬದಲಾಗಿದ್ದರೂ ಎಲ್ಲವೂ ಸಹಜವೆನ್ನಿಸುತ್ತದೆ. ನಾಟಕೀಯತೆಗಾಗಿ ಹೀಗೆ ಮಾಡಿದರೆನ್ನೋಣವೆಂದರೆ, ದರ್ಭೆ ಹಿಡಿದ ಕೈ ಕತ್ತಿ ಹಿಡಿಯುವುದಕ್ಕಿಂತ ದೊಡ್ಡ ನಾಟಕ ಬೇರೊಂದು ಬೇಕೆ?

ಹಾಗೆಂದು ಶಾಸನವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದನ್ನು ರಚಿಸಿದ ಕುಬ್ಜ ಕವಿ ಮಯೂರಶರ್ಮನಿಗಿಂತ ಸುಮಾರು ನೂರು ವರ್ಷ ಈಚಿನವನು, ಅದೇ ವಂಶದ ಶಾಂತಿವರ್ಮನ ಕಾಲದವನು. ಮೂಲಪುರುಷನನ್ನು ಹೊಗಳುವುದೇ ಅವನ ಕೆಲಸ. ಆದರೆ ಹೊಗಳಲೆಂದೇ ಕುಳಿತ ಆ ಕವಿಯೂ ಮಯೂರಶರ್ಮನನ್ನು ಅರಸನ ಮಗನೆನ್ನಲಿಲ್ಲ.

ಇಷ್ಟೆಲ್ಲ ಹೇಳಿದರೂ ಮಗಳಿಗೆ ಹಿಡಿಸಿದ್ದು ರಾಜಕುಮಾರನ ಕಥೆಯೇ. ದೀಪಾವಳಿ ರಜೆಯಲ್ಲಿ ತಾಳಗುಂದಕ್ಕೆ ಹೋಗಿ, ಪ್ರಣವೇಶ್ವರ ಗುಡಿಯೆದುರಿನ ಕಂಬವನ್ನು ನೋಡಿಬರುವುದೆಂದು ಸದ್ಯಕ್ಕೆ ಮಾತಾಗಿದೆ.