ಓದು ಬರಲ್ವಾ, ಭಾಷೆ ಬರಲ್ವಾ?

ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿದ ಹೊಸದರಲ್ಲಿ ಇಬ್ಬರು ಮಕ್ಕಳ ವಿಷಯದಲ್ಲಿ ನಾನು ಪೂರ್ತಿ ಎಡವಿದ್ದೆ. ಇಬ್ಬರಿಗೂ ಇಂಗ್ಲಿಷ್ ಎರಡನೇ ಭಾಷೆ. ಹುಡುಗ ಪ್ರತಿ ಸಾಲಿಗೂ ತಡವರಿಸುತ್ತಿದ್ದ, ‘ಥ್ರೂ’ ಅಂತಿದ್ದರೆ ‘ಥಾಟ್’ ಅನ್ನುತ್ತಿದ್ದ. ಹುಡುಗಿ ಮಾತ್ರ ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದಳು. ಇವನಿಗೆ ಏನೂ ಅರ್ಥವಾಗಲ್ಲ, ಇವಳಿಗೆ ತೊಂದರೆಯೇ ಇಲ್ಲ ಅಂತ ತೀರ್ಮಾನಿಸಿಬಿಟ್ಟೆ.

ಒಂದು ದಿನ ಸುಮ್ನೆ ಪುಸ್ತಕ ಮುಚ್ಚಿಸಿ, ನಾನೇ ಒಂದು ಕಥೆ ಓದಿ ಹೇಳಿ ಪ್ರಶ್ನೆ ಕೇಳಿದೆ. ಹುಡುಗ ಪಟಪಟ ಉತ್ತರ ಕೊಟ್ಟ. ಕಥೆಯಲ್ಲಿ ಮುದುಕನೊಬ್ಬ ‘ಬ್ಯಾಂಕ್’ ಮೇಲೆ ಕೂತು ಮೀನು ಹಿಡಿಯುತ್ತಿರುತ್ತಾನೆ, ಅಂದರೆ ನದಿಯ ದಡದಲ್ಲಿ. ಹುಡುಗಿ ಅವನು ದುಡ್ಡು ಕಟ್ಟಲು ಹೋಗಿದ್ದ ಅಂದಳು!

ಗಫ್ ಮತ್ತು ಟನ್ಮರ್ ಅನ್ನುವ ಸಂಶೋಧಕರು 1986ರಲ್ಲೇ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಬರಹವನ್ನು ಬಿಡಿಸಿ ಓದುವುದು ಒಂದು, ಆ ಭಾಷೆ ಕೇಳಿದರೆ ಅರ್ಥವಾಗುವುದು ಇನ್ನೊಂದು. ಇವೆರಡನ್ನೂ ಕೂಡಿಸುವುದಲ್ಲ, ಗುಣಿಸಬೇಕು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಓದಿದ್ದು ತಲೆಗೆ ಹೋಗಲ್ಲ. ಗಟ್ಟಿಯಾಗಿ ಓದಿಸಿ ಮಾರ್ಕ್ಸ್ ಹಾಕುವ ನಮ್ಮ ಅಭ್ಯಾಸದಲ್ಲಿ ಮೊದಲನೆಯದಷ್ಟೇ ಕಾಣುತ್ತದೆ, ಅಲ್ವಾ?

ಅದಕ್ಕೇ ಈಗ ನಾನು ಮೊದಲು ಕೇಳಿಸಿ ನೋಡುತ್ತೇನೆ. ಕೇಳಿದರೂ ಅರ್ಥವಾಗದಿದ್ದರೆ ಸಾಮಾನ್ಯವಾಗಿ ಪದಗಳ ಕೊರತೆ. ಹು ಮತ್ತು ನೇಷನ್ ಅನ್ನುವ ಸಂಶೋಧಕರು 2000ದಲ್ಲಿ ಪರೀಕ್ಷೆ ಮಾಡಿದಾಗ, ಕಥೆಯ ನೂರು ಪದಗಳಲ್ಲಿ ಇಪ್ಪತ್ತು ಗೊತ್ತಿಲ್ಲದ ಯಾರಿಗೂ ಕಥೆ ಸರಿಯಾಗಿ ದಕ್ಕಲಿಲ್ಲ. ಆರಾಮಾಗಿ ಓದಬೇಕಾದರೆ ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು ಅಂತ ಅವರ ಲೆಕ್ಕ. ಇದು ಅಂದುಕೊಂಡಿದ್ದಕ್ಕಿಂತ ತುಂಬಾ ಕಠಿಣ, ಸಾಲಿಗೊಂದು ಹೊಸ ಪದ ಬಂದರೇ ಮಿತಿ ದಾಟಿಹೋಗುತ್ತದೆ.

ಕೇಳಿದರೆ ಅರ್ಥವಾಗಿ, ಓದಿದರೆ ಆಗದಿದ್ದರೆ ‘ಬ್ಲಿಮ್’, ‘ಸ್ಟ್ರಾಫ್’ ಥರದ ಅರ್ಥವಿಲ್ಲದ ಪದಗಳನ್ನು ಓದಿಸುತ್ತೇನೆ. ಬಾಯಿಪಾಠ ಮಾಡಿದ ಪದಗಳಲ್ಲಿ ಅಡಗಿಕೊಂಡ ತೊಂದರೆ ಇಲ್ಲಿ ಹೊರಗೆ ಬೀಳುತ್ತದೆ.

ಆಮೇಲೆ ಮನೆಮಾತಿನಲ್ಲಿ ಓದಿಸಬೇಕು. ಇದನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಡಿಸ್ಲೆಕ್ಸಿಯಾ, ಅಂದರೆ ಬರಹ ಬಿಡಿಸಿ ಓದುವುದರಲ್ಲೇ ಇರುವ ತೊಂದರೆ, ಇದ್ದರೆ ಸಾಮಾನ್ಯವಾಗಿ ಅದು ಇಂಗ್ಲಿಷಿನಲ್ಲಷ್ಟೇ ಇದ್ದು ಮನೆಮಾತಿನಲ್ಲಿ ಮಾಯವಾಗಲ್ಲ. ಆದರೆ ವೇಷ ಬದಲಿಸಬಹುದು: ಬರೆದ ಹಾಗೇ ಓದುವ ಭಾಷೆಯಲ್ಲಿ ತಪ್ಪು ಕಡಿಮೆ, ಓದು ಮಾತ್ರ ವಿಪರೀತ ನಿಧಾನ. ಹಾಗಾಗಿ ತಪ್ಪು ಎಣಿಸಿದರೆ ಸಾಲದು, ಗಡಿಯಾರವನ್ನೂ ನೋಡಬೇಕು.

ಹುಡುಗನಿಗೆ ಆದದ್ದು ಅದೇ. ಮನೆಮಾತಿನಲ್ಲಿ ತಪ್ಪಿಲ್ಲದೆ ಓದಿದ, ಆದರೆ ಅರ್ಧ ಪುಟ ಮುಗಿಯುವಷ್ಟರಲ್ಲಿ ಬೆವರುತ್ತಿದ್ದ. ತಜ್ಞರ ಹತ್ತಿರ ಕಳಿಸುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. “ನಮ್ಮ ಭಾಷೆಯಲ್ಲೂ ಇವನು ಹೀಗೇ ಓದೋದು” ಅಂತ ಅವನ ಅಮ್ಮ ಮೊದಲ ತಿಂಗಳೇ ಹೇಳಿದ್ದರು. ಭಾಷೆ ಹೊಸದಲ್ವಾ, ಸರಿಹೋಗುತ್ತೆ ಬಿಡಿ ಅಂದಿದ್ದೆ ನಾನು.